ಟಿಫ್ ಯಾರಿಗೆ, ಜೆಪೆಗ್ ಯಾರಿಗೆ: ಒಂದು ಸ್ಮರಣ ಸಂಚಿಕೆಯ ಚಿತ್ರಗಳ ಕೆಲಸ

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನೂರು ವರ್ಷ ತುಂಬಿತು. ಹಳೆಯ ವಿದ್ಯಾರ್ಥಿಗಳ ಸಂಘದವರು ಸ್ಮರಣ ಸಂಚಿಕೆ ತರುವುದೆಂದು ನಿಶ್ಚಯಿಸಿ ಚಿತ್ರಗಳ ಹೊಣೆಯನ್ನು ನನಗೆ ಗಂಟು ಹಾಕಿದರು. ಲೇಖನಗಳಿಗೆ ಸಂಪಾದಕ ಮಂಡಳಿ ಇತ್ತು, ಜಾಹೀರಾತಿಗೆ ಉಪಸಮಿತಿ ಇತ್ತು. ಚಿತ್ರಗಳಿಗೆ ಮಾತ್ರ ಕಂಪ್ಯೂಟರ್ ಗೊತ್ತಿರುವ ಒಬ್ಬರು ಸಾಕು ಎಂಬುದು ಎಲ್ಲ ಸಮಿತಿಗಳ ನಂಬಿಕೆ.

ಕೈಗೆ ಬಂದ ಸರಕು ಹೀಗಿತ್ತು: ದಪ್ಪ ರಟ್ಟಿಗೆ ಅಂಟಿಸಿದ ಕಪ್ಪು-ಬಿಳುಪು ಗುಂಪು ಚಿತ್ರಗಳು, ಎಂಬತ್ತರ ದಶಕದ ಕೆಂಪೇರಿದ ಕಲರ್ ಪ್ರಿಂಟುಗಳು, ಮೊದಲ ದಾಖಲಾತಿ ಪುಸ್ತಕದ ಕೆಲವು ಪುಟಗಳು, ಹಳೆಯ ಪತ್ರವೊಂದರ ತಲೆಯಲ್ಲಿ ಮಾತ್ರ ಉಳಿದಿದ್ದ ಶಾಲೆಯ ಲಾಂಛನ, ಜೊತೆಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಳಗು ಬೈಗು ಸುರಿಯುತ್ತಿದ್ದ ಮೊಬೈಲ್ ಚಿತ್ರಗಳು. ಇವು ಹೋಗಬೇಕಾದದ್ದು ತಾಲ್ಲೂಕು ಕೇಂದ್ರದ ಆಫ್‌ಸೆಟ್ ಮುದ್ರಣಾಲಯಕ್ಕೆ, ಫ್ಲೆಕ್ಸ್ ಅಂಗಡಿಗೆ, ವಾಟ್ಸ್ಆ್ಯಪ್‌ಗೆ, ಶಾಲೆಯ ಪುಟ್ಟ ಜಾಲತಾಣಕ್ಕೆ, ಮತ್ತು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಉಳಿಯಬೇಕಾದ ಹಾರ್ಡ್ ಡಿಸ್ಕ್‌ಗೆ.

ಇಷ್ಟೂ ಕಡೆಗೆ ಒಂದೇ ಫೈಲು ನಡೆಯುವುದಿಲ್ಲ. ಹಾಗಾಗಿ ಕೆಲಸಕ್ಕೆ ಕೈಹಾಕುವ ಮೊದಲೇ ಒಂದು ಕಟ್ಟುಪಾಡು ಮಾಡಿಕೊಂಡೆ. ಪ್ರತಿ ಚಿತ್ರಕ್ಕೂ ಒಂದು ಮೂಲ ಪ್ರತಿ ಇರುತ್ತದೆ. ಅದನ್ನು ಯಾರಿಗೂ ಕಳಿಸುವುದಿಲ್ಲ, ತಿದ್ದಿ ಅದರ ಮೇಲೆಯೇ ಉಳಿಸುವುದೂ ಇಲ್ಲ. ಉಳಿದುದೆಲ್ಲ ಅದರಿಂದ ತೆಗೆದ ನಕಲು. ನಕಲಿನ ಫಾರ್ಮ್ಯಾಟ್, ಅಂದರೆ ಟಿಫ್, ಜೆಪೆಗ್‌ನಂತಹ ಫೈಲಿನ ಬಗೆ, ಯಾವುದೆಂಬುದನ್ನು ಅದು ಹೋಗಿ ಸೇರುವ ಜಾಗವೇ ತೀರ್ಮಾನಿಸುತ್ತದೆ.

ಮೂಲ ಪ್ರತಿ

ಗುಂಪು ಚಿತ್ರಗಳಲ್ಲಿ ಹೆಚ್ಚಿನವು 6×8 ಇಂಚಿನವು. ಇಂಚಿಗೆ 600 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿದರೆ 3600×4800, ಅಂದರೆ 1.73 ಕೋಟಿ ಪಿಕ್ಸೆಲ್. ಚಿತ್ರ ಕಪ್ಪು-ಬಿಳುಪಿನದ್ದಾದರೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿದೆ. ಇದಕ್ಕೆ ಕಾರಣವಿದೆ. ಹಳೆಯ ಕಾಗದದ ಮೇಲಿನ ಕಲೆಗಳು ಬಹುಪಾಲು ಹಳದಿ ಅಥವಾ ಕಂದು. ಹಳದಿ ಕಲೆ ನೀಲಿ ಬೆಳಕನ್ನು ನುಂಗುತ್ತದೆ, ಕೆಂಪನ್ನು ಹೆಚ್ಚುಕಡಿಮೆ ಹಾಗೆಯೇ ಬಿಡುತ್ತದೆ. ಬಣ್ಣದ ಸ್ಕ್ಯಾನನ್ನು ಕೆಂಪು, ಹಸಿರು, ನೀಲಿ ಎಂದು ಬಿಡಿಸಿ ನೋಡಿದಾಗ ನೀಲಿ ಪದರದಲ್ಲಿ ಮೇಷ್ಟರ ಪೇಟದ ಮೇಲೆ ಚಹಾ ಚೆಲ್ಲಿದಂತಿದ್ದ ಕಲೆ ಕೆಂಪು ಪದರದಲ್ಲಿ ಹುಡುಕಿದರೂ ಸಿಗಲಿಲ್ಲ. ಆ ಒಂದು ಪದರವನ್ನೇ ಕಪ್ಪು-ಬಿಳುಪು ಚಿತ್ರವಾಗಿ ಇಟ್ಟುಕೊಂಡರೆ ಅರ್ಧ ದುರಸ್ತಿ ಮುಗಿದಂತೆ. ಮೊದಲೇ ಗ್ರೇಸ್ಕೇಲ್, ಅಂದರೆ ಬರಿಯ ಬೂದು ಛಾಯೆಗಳ ಚಿತ್ರ, ಮಾಡಿ ಸ್ಕ್ಯಾನ್ ಮಾಡಿದ್ದರೆ ಈ ಅನುಕೂಲ ಇರುತ್ತಿರಲಿಲ್ಲ.

ಎರಡನೆಯ ಆಯ್ಕೆ ಬಿಟ್‌ಗಳದ್ದು, ಅಂದರೆ ಒಂದೊಂದು ಬಣ್ಣದ ಛಾಯೆಯನ್ನು ಎಷ್ಟು ಮೆಟ್ಟಿಲುಗಳಲ್ಲಿ ಅಳೆಯುವುದು ಎಂಬುದು. ಮಾಸಿದ ಚಿತ್ರದಲ್ಲಿ ಕಡುಕಪ್ಪೂ ಇಲ್ಲ, ಅಚ್ಚಬಿಳುಪೂ ಇಲ್ಲ. ಎಲ್ಲವೂ ನಡುವಿನ ಬೂದಿ ಬಣ್ಣದಲ್ಲಿ ಇಕ್ಕಟ್ಟಾಗಿ ಕುಳಿತಿರುತ್ತದೆ. 8-ಬಿಟ್ ಫೈಲಿನಲ್ಲಿ ಒಂದು ಬಣ್ಣಕ್ಕೆ ಇರುವುದೇ 256 ಮೆಟ್ಟಿಲು. ಮಾಸಿದ ಚಿತ್ರ ಅದರಲ್ಲಿ ನೂರನ್ನಷ್ಟೇ ಬಳಸಿದ್ದರೆ, ಆ ನೂರನ್ನು 256ಕ್ಕೆ ಎಳೆದಾಗ ನಡುವೆ ಬಿರುಕು ಬಿಡುತ್ತದೆ. ಮಕ್ಕಳ ಹಿಂದಿನ ಸುಣ್ಣದ ಗೋಡೆಯಲ್ಲಿ ಇದು ಕಣ್ಣಿಗೆ ರಾಚಿತು: ನುಣ್ಣಗೆ ತಿಳಿಯಾಗಬೇಕಾದ ನೆರಳು ಪಟ್ಟೆ ಪಟ್ಟೆಯಾಗಿ ಒಡೆದಿತ್ತು. 16-ಬಿಟ್ ಸ್ಕ್ಯಾನಿನಲ್ಲಿ ಮೆಟ್ಟಿಲುಗಳು 65,536. ಎಷ್ಟು ಎಳೆದರೂ ತಾಳಿಕೊಳ್ಳುತ್ತದೆ. ಜೆಪೆಗ್‌ನಲ್ಲಿ 16-ಬಿಟ್‌ಗೆ ಎಡೆಯಿಲ್ಲ, ನಾವೆಲ್ಲ ಬಳಸುವ ಜೆಪೆಗ್ 8-ಬಿಟ್‌ನದು. ಮೂಲ ಪ್ರತಿಯ ಸ್ಪರ್ಧೆಯಿಂದ ಅದು ಇಲ್ಲಿಗೇ ಹೊರಬಿತ್ತು.

ಉಳಿದದ್ದು ಟಿಫ್. ಆಲ್ಡಸ್ ಎಂಬ ಕಂಪನಿ 1986ರಲ್ಲಿ ಸ್ಕ್ಯಾನರ್‌ಗಳಿಗೆಂದೇ ರೂಪಿಸಿದ ಫಾರ್ಮ್ಯಾಟ್ ಇದು. ಆರನೆಯ ಆವೃತ್ತಿ ಬಂದದ್ದು 1992ರಲ್ಲಿ. ಎರಡು ವರ್ಷದ ನಂತರ ಕಂಪನಿ ಅಡೋಬಿಯ ಪಾಲಾಯಿತು, ಟಿಫ್ ಮಾತ್ರ ಆ ಆರನೆಯ ಆವೃತ್ತಿಯಲ್ಲಿಯೇ ನಿಂತಿದೆ. ಬೇರೆ ತಂತ್ರಾಂಶಕ್ಕೆ ಇದು ಬೈಗುಳವಾಗಬಹುದು. ಇನ್ನೂ ಐವತ್ತು ವರ್ಷದ ನಂತರ ಯಾರೋ ತೆರೆಯಬೇಕಾದ ಫೈಲಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕಿಲ್ಲ.

ಬಣ್ಣಕ್ಕೆ 16-ಬಿಟ್‌ನಂತೆ ಮೂರು ಬಣ್ಣ ಸೇರಿ ಒಂದು ಪಿಕ್ಸೆಲ್‌ಗೆ 6 ಬೈಟ್. ಒಂದು ಗುಂಪು ಚಿತ್ರ 103 ಎಂಬಿ ದಾಟುತ್ತದೆ. ಖಜಾಂಚಿಗಳು ಹುಬ್ಬೇರಿಸಿದರು. ಒಂದು ಟೆರಾಬೈಟ್ ಡಿಸ್ಕಿನಲ್ಲಿ ಇಂತಹವು ಒಂಬತ್ತು ಸಾವಿರಕ್ಕೂ ಹೆಚ್ಚು ಹಿಡಿಸುತ್ತವೆ ಎಂದು ಲೆಕ್ಕ ತೋರಿಸಿದ ಮೇಲೆ ಹುಬ್ಬು ಇಳಿಯಿತು. ಗಾತ್ರ ತಗ್ಗಿಸಲು ಟಿಫ್‌ನೊಳಗೆ ಎಲ್‌ಝಡ್‌ಡಬ್ಲ್ಯು ಸಂಕೋಚನದ ಆಯ್ಕೆ ಇದೆ, ಅದರಿಂದ ಏನೂ ನಷ್ಟವಾಗುವುದಿಲ್ಲ. ಆದರೆ 16-ಬಿಟ್ ಛಾಯಾಚಿತ್ರಗಳ ಮೇಲೆ ಅದನ್ನು ಹಾಕಿದರೆ ಫೈಲು ಕೆಲವೊಮ್ಮೆ ಇನ್ನಷ್ಟು ಉಬ್ಬುತ್ತದೆ. ಕಾಗದದ ನಾರು, ಫಿಲ್ಮಿನ ಕಾಳು ಎಲ್ಲವೂ ಮರುಕಳಿಸದ ಗೊಂದಲ. ಮರುಕಳಿಸುವುದನ್ನು ಹುಡುಕಿ ಮಡಚುವ ತಂತ್ರಕ್ಕೆ ಅಲ್ಲಿ ಮಡಚಲು ಏನೂ ಸಿಗುವುದಿಲ್ಲ. ಜಿಪ್ ಸಂಕೋಚನ ಮೇಲು, ಆದರೆ ಹಳೆಯ ತಂತ್ರಾಂಶಗಳು ಅದನ್ನು ತೆರೆಯಲು ತಕರಾರು ಮಾಡುತ್ತವೆ. ಸಂಕೋಚನವೇ ಇಲ್ಲದೆ ಇಟ್ಟೆ.

ದಾಖಲಾತಿ ಪುಸ್ತಕ

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಈ ಪುಟಗಳು. ಶಾಯಿ ಪೆನ್ನಿನ ಬರಹ, ಕನ್ನಡ ಅಂಕಿಗಳು, ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು. ಓದಲು ಅನುಕೂಲವಾಗಲೆಂದು ಸಂಪಾದಕರು ವಾಟ್ಸ್ಆ್ಯಪ್‌ನಲ್ಲಿ ಒಂದು ಪುಟ ಕೇಳಿದರು. ಕಳಿಸುವ ಮೊದಲು ಅದೇ ಪುಟವನ್ನು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಜೆಪೆಗ್ ಆಗಿ ಬೇರೆ ಬೇರೆ ಗುಣಮಟ್ಟದಲ್ಲಿ ಎಕ್ಸ್‌ಪೋರ್ಟ್ ಮಾಡಿ, 400 ಪ್ರತಿಶತ ಹಿಗ್ಗಿಸಿ ಅಕ್ಕಪಕ್ಕ ಇಟ್ಟು ನೋಡಿದೆ.

ಗುಣಮಟ್ಟ 90ರಲ್ಲಿ ಮೂಲಕ್ಕೂ ನಕಲಿಗೂ ವ್ಯತ್ಯಾಸ ಹೇಳುವುದು ಕಷ್ಟ. 40ಕ್ಕೆ ಇಳಿಸಿ, ಚಿತ್ರದ ಅಗಲವನ್ನೂ ಮೊಬೈಲ್ ಪರದೆಗೆ ತಕ್ಕಂತೆ ಕುಗ್ಗಿಸಿದಾಗ ಧರ್ಮಣ್ಣ ದರ್ಮಣ್ಣನಾದ, ಫಕೀರಪ್ಪ ಪಕೀರಪ್ಪನಾದ. ನಮ್ಮ ಲಿಪಿಯಲ್ಲಿ ದಕಾರವನ್ನು ಧಕಾರ ಮಾಡುವುದು, ಪಕಾರವನ್ನು ಫಕಾರ ಮಾಡುವುದು ಕೆಳಗಿನ ಒಂದು ಪುಟ್ಟ ಸೀಳು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದಲ್ಲಿಯೂ ನಿಧಾನವಾಗಿ ಬದಲಾಗುವ ಛಾಯೆಯನ್ನು ಉಳಿಸಿಕೊಂಡು ಥಟ್ಟನೆ ಬದಲಾಗುವ ಸಣ್ಣ ವಿವರಗಳನ್ನು ಮೊದಲು ಕೈಬಿಡುತ್ತದೆ. ಮುಖ, ಆಕಾಶ, ಮರಗಿಡಗಳಿಗೆ ಇದು ಒಗ್ಗುತ್ತದೆ, ಅದನ್ನು ಮಾಡಿದ್ದೇ ಛಾಯಾಚಿತ್ರಗಳಿಗಾಗಿ. ಮಹಾಪ್ರಾಣದ ಸೀಳು, ಒತ್ತಕ್ಷರದ ಬಾಲ, ಸೊನ್ನೆಯ ಒಳಗಿನ ಬಿಳುಪು ಇವೆಲ್ಲ ಅದರ ದೃಷ್ಟಿಯಲ್ಲಿ ಮೊದಲು ಬಿಸಾಡಬೇಕಾದ ವಸ್ತುಗಳು. ಉಳಿದ ಅಕ್ಷರಗಳ ಸುತ್ತಲೂ ನೊಣ ಮುತ್ತಿದಂತೆ ಬೂದು ಚುಕ್ಕೆಗಳು.

ಸಂಪಾದಕರಿಗೆ ಯಾವ ವಿವರವನ್ನೂ ಕೈಬಿಡದ ಪಿಎನ್‌ಜಿ ಎಂಬ ಫಾರ್ಮ್ಯಾಟಿನಲ್ಲಿ ನಕಲು ಮಾಡಿ, ಅದನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳಿಸಿದೆ. ಫೋಟೊ ಎಂದು ಕಳಿಸಿದರೆ ಪಿಎನ್‌ಜಿಯನ್ನೂ ಅದು ದಾರಿಯಲ್ಲಿ ಜೆಪೆಗ್ ಮಾಡಿಬಿಡುತ್ತದೆ.

ಪುಟಗಳನ್ನೆಲ್ಲ ಸೇರಿಸಿ ಒಂದು ಪಿಡಿಎಫ್ ಬೇಕೆಂದಾಗ ಇನ್ನೊಂದು ಎಚ್ಚರ ಬೇಕಾಯಿತು. ಸ್ಕ್ಯಾನ್ ಮಾಡಿದ ಪಿಡಿಎಫ್ ಅನ್ನು ಚಿಕ್ಕದಾಗಿಸುವ ಜೆಬಿಗ್2 ಎಂಬ ವಿಧಾನವಿದೆ. ಅದರ ನಷ್ಟಸಹಿತ ಬಗೆಯು ಒಂದರಂತೆ ಇನ್ನೊಂದು ಕಾಣುವ ಅಕ್ಷರಗಳನ್ನು ಹುಡುಕಿ, ಒಂದನ್ನೇ ಎಲ್ಲ ಕಡೆ ಅಚ್ಚೊತ್ತುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ತಜ್ಞರು ಝೆರಾಕ್ಸ್ ಯಂತ್ರಗಳು ಕಟ್ಟಡದ ನಕ್ಷೆಯ ಅಂಕಿಗಳನ್ನೇ ಬದಲಿಸುತ್ತಿದ್ದುದನ್ನು ಪತ್ತೆ ಮಾಡಿದ್ದು ಹೀಗೆಯೇ; ಬೇರೊಂದು ಪಟ್ಟಿಯಲ್ಲಿ 6 ಇದ್ದ ಕಡೆ 8 ಬಂದಿತ್ತು, ಅದೂ ಸ್ಪಷ್ಟವಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ. ಮಸುಕಾದ ಅಂಕಿಯನ್ನು ಓದುವವರು ಸಂಶಯಪಡುತ್ತಾರೆ. ತಪ್ಪಾಗಿ ಸ್ಪಷ್ಟವಾಗಿರುವ ಅಂಕಿಯನ್ನು ಯಾರು ಸಂಶಯಿಸುತ್ತಾರೆ? ೬ ಮತ್ತು ೯ ಪಕ್ಕಪಕ್ಕ ಇರುವ ಹುಟ್ಟಿದ ತಾರೀಕುಗಳ ಪುಸ್ತಕಕ್ಕೆ ಆ ವಿಧಾನ ಬೇಡವೇ ಬೇಡ ಎಂದು, ಗುಣಮಟ್ಟ ಹೆಚ್ಚಿಟ್ಟ ಗ್ರೇಸ್ಕೇಲ್ ಚಿತ್ರಗಳನ್ನೇ ಪಿಡಿಎಫ್‌ಗೆ ಸೇರಿಸಿದೆ. ಫೈಲು ದಪ್ಪಗಾಯಿತು, ಆಗಲಿ.

ಲಾಂಛನ

ಹಳೆಯ ಪತ್ರದ ತಲೆಯಲ್ಲಿದ್ದ ಲಾಂಛನ ಒಂದು ಇಂಚಿಗಿಂತ ಚಿಕ್ಕದು: ದೀಪ, ತೆರೆದ ಪುಸ್ತಕ, ಸುತ್ತ ಶಾಲೆಯ ಹೆಸರು. ಇದು ಬರಿಯ ಗೆರೆಗಳ ಚಿತ್ರ, ಛಾಯೆಯೇ ಇಲ್ಲ. ಇಂಚಿಗೆ 1200ರಂತೆ ಕಪ್ಪು ಅಥವಾ ಬಿಳುಪು ಎಂಬ ಎರಡೇ ಬೆಲೆಗಳಲ್ಲಿ ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್ ಎಂಬ ತಂತ್ರಾಂಶದಲ್ಲಿ ಗೆರೆಗಳಾಗಿ ಪರಿವರ್ತಿಸಿ, ಅಂಚುಗಳನ್ನು ಕೈಯಿಂದ ತಿದ್ದಿ ಎಸ್‌ವಿಜಿ ಆಗಿ ಉಳಿಸಿದೆ. ಪಿಕ್ಸೆಲ್‌ಗಳ ಬದಲು ಗೆರೆ ಎಲ್ಲಿಂದ ಎಲ್ಲಿಗೆ ಹೇಗೆ ಬಾಗುತ್ತದೆ ಎಂಬ ವಿವರಣೆಯೇ ಆ ಫೈಲಿನಲ್ಲಿರುವುದು. ಆಮಂತ್ರಣ ಪತ್ರಿಕೆಯ ಮೂಲೆಗೂ ಹತ್ತಡಿ ಫ್ಲೆಕ್ಸಿಗೂ ಅದೇ ಫೈಲು ಸಾಕು.

ಎಸ್‌ವಿಜಿ ತೆಗೆದುಕೊಳ್ಳದ ಕಡೆಗೆ ಪಿಎನ್‌ಜಿ. ಊರ ಫ್ಲೆಕ್ಸುಗಳನ್ನು ನೋಡಿದವರಿಗೆಲ್ಲ ಪರಿಚಿತವಾದ ದೃಶ್ಯವೊಂದಿದೆ: ಹಸಿರು ಹಿನ್ನೆಲೆಯ ಮೇಲೆ ದುಂಡನೆಯ ಲಾಂಛನ, ಅದರ ಸುತ್ತ ಚೌಕಾಕಾರದ ಬಿಳಿ ತೇಪೆ. ಅದು ಜೆಪೆಗ್‌ನ ಕೊಡುಗೆ. ಜೆಪೆಗ್‌ಗೆ ಪಾರದರ್ಶಕತೆ ಗೊತ್ತಿಲ್ಲ, ಖಾಲಿ ಜಾಗಕ್ಕೆ ಏನಾದರೊಂದು ಬಣ್ಣ ತುಂಬಲೇಬೇಕು. ಪಿಎನ್‌ಜಿಯಲ್ಲಿ ಪ್ರತಿ ಪಿಕ್ಸೆಲ್‌ಗೂ ಎಷ್ಟು ಪಾರದರ್ಶಕ ಎಂಬ ಅಂಕಿಯೂ ಇರುತ್ತದೆ. 1994ರ ಕೊನೆಯಲ್ಲಿ ಯುನಿಸಿಸ್ ಕಂಪನಿ, ಜಿಫ್ ಎಂಬ ಹಳೆಯ ಚಿತ್ರ ಫಾರ್ಮ್ಯಾಟಿನ ಒಳಗಿನ ಎಲ್‌ಝಡ್‌ಡಬ್ಲ್ಯು ತಂತ್ರ ತನ್ನ ಪೇಟೆಂಟು, ಹಣ ಕೊಡಿ ಎಂದು ಹೊರಟಾಗ ಬೇಸತ್ತ ತಂತ್ರಜ್ಞರು ಸೇರಿ ಕಟ್ಟಿದ ಫಾರ್ಮ್ಯಾಟ್ ಇದು, 1996ರಲ್ಲಿ ಸಿದ್ಧವಾಯಿತು. ಜಗಳದಿಂದ ಒಳ್ಳೆಯ ವಸ್ತುಗಳೂ ಹುಟ್ಟುತ್ತವೆ.

ಅಂದಹಾಗೆ, ಇಂಚಿಗೆ 300 ಪಿಕ್ಸೆಲ್ ಎಂದು ನಮೂದಿಸಿ ಉಳಿಸಿದ ಪಿಎನ್‌ಜಿಯನ್ನು ಮತ್ತೆ ತೆರೆದಾಗ ಕೆಲವು ತಂತ್ರಾಂಶಗಳು 299.999 ಎಂದು ತೋರಿಸುತ್ತವೆ. ಗಾಬರಿ ಬೇಡ. ಪಿಎನ್‌ಜಿ ಇಂಚಿನ ಲೆಕ್ಕ ಇಡುವುದಿಲ್ಲ, ಮೀಟರಿನ ಲೆಕ್ಕ ಇಡುತ್ತದೆ, ಅದೂ ಪೂರ್ಣಾಂಕದಲ್ಲಿ. ಮೀಟರಿಗೆ 11,811 ಪಿಕ್ಸೆಲ್ ಎಂಬುದನ್ನು ಇಂಚಿಗೆ ತಿರುಗಿಸಿದರೆ ಬರುವುದು ಅಷ್ಟೇ.

ಮುದ್ರಣಾಲಯ

ಮುದ್ರಣಾಲಯದವರು ಮೊದಲು ಕೇಳಿದ್ದು, "300 ಡಿಪಿಐ ಇದೆಯೇ?" ಎಂದು, ಅಂದರೆ ಇಂಚಿಗೆ 300 ಪಿಕ್ಸೆಲ್ ಇದೆಯೇ ಎಂದು. ಈ ಪ್ರಶ್ನೆ ಇಡೀ ರಾಜ್ಯದ ಹಳೆಯ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸಿದೆ. ನೋಡಬೇಕಾದದ್ದು ಆ ಅಂಕಿಯನ್ನಲ್ಲ, ಚಿತ್ರದಲ್ಲಿ ಒಟ್ಟು ಎಷ್ಟು ಪಿಕ್ಸೆಲ್ ಇವೆ ಎಂಬುದನ್ನು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬಂದ ಚಿತ್ರದ ಉದ್ದನೆಯ ಬದಿ ಸಾಮಾನ್ಯವಾಗಿ 1600 ಪಿಕ್ಸೆಲ್‌ನ ಆಸುಪಾಸು ಇರುತ್ತದೆ. ಅದು 300ರ ಲೆಕ್ಕದಲ್ಲಿ ಐದೂಕಾಲು ಇಂಚಿನಷ್ಟು ಅಚ್ಚಾಗುತ್ತದೆ. ಒಂದು ಅಂಕಣದ ಚಿತ್ರಕ್ಕೆ ಧಾರಾಳ, ಇಡೀ ಪುಟಕ್ಕೆ ಸಾಲದು. ಎ4 ಪುಟಕ್ಕೆ 2480×3508 ಬೇಕು. ಸಾಲದ ಚಿತ್ರವನ್ನು ತಂತ್ರಾಂಶದಲ್ಲಿ ಹಿಗ್ಗಿಸಿ ಪೆಟ್ಟಿಗೆಯಲ್ಲಿ 300 ಎಂದು ಬರೆದರೆ ಫೈಲು ಕೊಬ್ಬುತ್ತದೆಯೇ ಹೊರತು ಮುಖ ಸ್ಪಷ್ಟವಾಗುವುದಿಲ್ಲ. ಹಾಗೆಯೇ ಜೆಪೆಗ್ ಆಗಿ ಬಂದದ್ದನ್ನು ಟಿಫ್ ಮಾಡಿ ಕೊಟ್ಟರೆ ಕಳೆದುಹೋದದ್ದು ಮರಳುವುದಿಲ್ಲ. ಆ ಚಿತ್ರಗಳನ್ನು ಬಂದ ಜೆಪೆಗ್‌ನಲ್ಲಿಯೇ, ಮತ್ತೆ ಉಳಿಸದೆ, ಪುಟವಿನ್ಯಾಸಕ್ಕೆ ಕೊಟ್ಟೆ.

ಮತ್ತೆ ಉಳಿಸದೆ ಎನ್ನುವುದಕ್ಕೆ ಒತ್ತು ಕೊಡುತ್ತೇನೆ. ತೆರೆದು, ಕತ್ತರಿಸಿ, ಉಳಿಸಿ, ಮತ್ತೆ ತೆರೆದು, ಬೆಳಕು ಹೆಚ್ಚಿಸಿ, ಉಳಿಸಿದರೆ ಜೆಪೆಗ್ ಪ್ರತಿ ಸಲವೂ ಹೊಸದಾಗಿ ಚೌಕಗಳ ಲೆಕ್ಕ ಮಾಡಿ ಇನ್ನಷ್ಟು ಕೈಬಿಡುತ್ತದೆ. ಅಡ್ಡಡ್ಡ ಬಂದ ಚಿತ್ರವನ್ನು ನೆಟ್ಟಗೆ ತಿರುಗಿಸಲು ಮಾತ್ರ ದಾರಿ ಇದೆ: ಇರ್ಫಾನ್‌ವ್ಯೂನಂತಹ ತಂತ್ರಾಂಶಗಳಲ್ಲಿ ನಷ್ಟವಿಲ್ಲದ ತಿರುಗುವಿಕೆ ಎಂಬ ಆಯ್ಕೆ ಚೌಕಗಳನ್ನು ಒಡೆಯದೆಯೇ ಜಾಗ ಬದಲಿಸುತ್ತದೆ. ಗಿಂಪ್‌ನಲ್ಲಿ 2012ರ 2.8 ಆವೃತ್ತಿಯಿಂದೀಚೆಗೆ ಸೇವ್ ಎಂದರೆ ಅದರದೇ ಎಕ್ಸ್‌ಸಿಎಫ್ ಫಾರ್ಮ್ಯಾಟ್ ಮಾತ್ರ, ಜೆಪೆಗ್ ಬೇಕೆಂದರೆ ಎಕ್ಸ್‌ಪೋರ್ಟ್‌ಗೆ ಹೋಗಬೇಕು. ಹಲವರು ಇದನ್ನು ಕಿರಿಕಿರಿ ಎನ್ನುತ್ತಾರೆ, ನನಗಂತೂ ಅದು ಸರಿಯಾದ ಕಾವಲು.

ನಾನೇ ಸ್ಕ್ಯಾನ್ ಮಾಡಿದ ಗುಂಪು ಚಿತ್ರಗಳನ್ನು ತಿದ್ದಿ, ಅಚ್ಚಾಗುವ ಅಳತೆಗೆ ತಂದು, 8-ಬಿಟ್ ಗ್ರೇಸ್ಕೇಲ್ ಟಿಫ್ ಮಾಡಿ ಕೊಟ್ಟೆ. ಇಲ್ಲಿ ಫಾರ್ಮ್ಯಾಟ್‌ಗಿಂತ ಗ್ರೇಸ್ಕೇಲ್ ಎಂಬುದೇ ಮುಖ್ಯ. ಒಳಪುಟಗಳು ಏಕವರ್ಣದವು, ಕಪ್ಪು ಶಾಯಿ ಮಾತ್ರ. ಕಪ್ಪು-ಬಿಳುಪಾಗಿ ಕಾಣುವ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಪದರಗಳ) ಫೈಲನ್ನು ಬಣ್ಣದ ಪುಟದಲ್ಲಿ ಹಾಕಿದರೆ ಅದು ಬಣ್ಣದ ಮುದ್ರಣದ ನಾಲ್ಕೂ ಶಾಯಿಗಳಿಗೆ ಹಂಚಿಕೊಳ್ಳುತ್ತದೆ; ಒಂದು ಶಾಯಿಯ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಮೇಷ್ಟರ ಕೋಟಿಗೆ ಗುಲಾಬಿ ಅಂಚು ಬರುತ್ತದೆ. ಅಕ್ಷರಗಳಿಗೂ ಇದೇ ಮಾತು. ಶೀರ್ಷಿಕೆಯನ್ನು ಚಿತ್ರದ ಮೇಲೆಯೇ ಬರೆದು ಜೆಪೆಗ್ ಮಾಡಿ ಕೊಡುವ ಪದ್ಧತಿಯನ್ನು ಬಿಡಿಸಲು ಸ್ವಲ್ಪ ವಾದ ಮಾಡಬೇಕಾಯಿತು. ಶೀರ್ಷಿಕೆ ಅಕ್ಷರವಾಗಿಯೇ ಪುಟದಲ್ಲಿರಲಿ, ಕಪ್ಪು ಶಾಯಿ ಒಂದರಲ್ಲಿಯೇ ಅಚ್ಚಾಗಲಿ.

ಕೊನೆಗೆ ಪುಟಗಳು ಮುದ್ರಣಕ್ಕೆ ಹೋಗುವುದು ಪಿಡಿಎಫ್ ಆಗಿ. ಲೇಖನಗಳಲ್ಲಿ ಅರ್ಧ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಅರ್ಧ ಯುನಿಕೋಡ್‌ನಲ್ಲಿ ಬಂದಿದ್ದವು. ಹಳೆಯ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಪುಟ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಫಾಂಟುಗಳನ್ನು ಒಳಗೆ ಸೇರಿಸಿಕೊಂಡೇ ಪಿಡಿಎಫ್ ಮಾಡಬೇಕು. ಮುಖಪುಟದಂತಹ ಕಡೆ ಅಕ್ಷರಗಳನ್ನು ಕರ್ವ್ ಮಾಡಿಬಿಟ್ಟರೆ, ಅಂದರೆ ಗೆರೆಗಳ ಚಿತ್ರವಾಗಿಸಿದರೆ, ಫಾಂಟಿನ ಹಂಗೇ ಇಲ್ಲ. ಪಿಡಿಎಫ್ ಎಕ್ಸ್-1ಎ ಎಂಬ ಮುದ್ರಣದ ಮಾನಕ ಫಾಂಟುಗಳನ್ನು ಕಡ್ಡಾಯವಾಗಿ ಒಳಗೊಳ್ಳುತ್ತದೆ, ಆರ್‌ಜಿಬಿ ಚಿತ್ರಗಳನ್ನು ಒಪ್ಪುವುದಿಲ್ಲ. ಅದನ್ನೇ ಆರಿಸಿದೆ.

ಮೊಬೈಲಿನಿಂದ ಬಂದವು

ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಮಿಂಚಂಚೆಯಲ್ಲಿ ಕಳಿಸಿದ ಹಲವು ಚಿತ್ರಗಳು ಎಚ್‌ಇಐಸಿ ಆಗಿದ್ದವು. ಐಫೋನ್ 2017ರಿಂದ ಈ ರೂಪದಲ್ಲಿ ಚಿತ್ರ ಉಳಿಸುತ್ತದೆ. ಅಷ್ಟೇ ಗುಣಮಟ್ಟಕ್ಕೆ ಜೆಪೆಗ್‌ಗಿಂತ ಕಡಿಮೆ ಜಾಗ. ಒಳ್ಳೆಯ ಫಾರ್ಮ್ಯಾಟ್, ಆದರೆ ಮುದ್ರಣಾಲಯದ ಕಂಪ್ಯೂಟರ್ ಅದನ್ನು ಫೈಲೆಂದೇ ಗುರುತಿಸಲಿಲ್ಲ. ಗುಣಮಟ್ಟ 95ರಲ್ಲಿ ಒಂದೇ ಸಲ ಜೆಪೆಗ್ ಮಾಡಿದೆ. ಒಂದು ಸಲದ ಪರಿವರ್ತನೆಯಿಂದ ಕಣ್ಣಿಗೆ ಕಾಣುವ ನಷ್ಟವಿಲ್ಲ. ಇನ್ನು ಮುಂದೆ ಕಳಿಸುವವರಿಗೆ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಹೆಚ್ಚು ಹೊಂದಿಕೊಳ್ಳುವ ಫಾರ್ಮ್ಯಾಟ್ ಆರಿಸಿಕೊಳ್ಳಲು ಹೇಳಿದೆ.

ಇಂತಹ ಮೂಲ ಫೈಲುಗಳ ಹೊಟ್ಟೆಯಲ್ಲಿ ಚಿತ್ರ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳೂ ಇರುತ್ತವೆ. ಮನೆಯಂಗಳದಲ್ಲಿ ತೆಗೆದ ಚಿತ್ರವನ್ನು ಹಾಗೆಯೇ ಜಾಲತಾಣಕ್ಕೆ ಏರಿಸಿದರೆ ಮನೆಯ ವಿಳಾಸ ಕೊಟ್ಟಂತೆ. ಜಾಲತಾಣದ ನಕಲು ಮಾಡುವಾಗ ಆ ಮಾಹಿತಿಯನ್ನು ಕಳಚುವ ಗುರುತನ್ನು ಮರೆಯದೆ ಹಾಕಿದೆ.

ಜಾಲತಾಣಕ್ಕೆ ವೆಬ್‌ಪಿ. ಗೂಗಲ್ 2010ರಲ್ಲಿ ಹೊರತಂದದ್ದು. 2020ರಲ್ಲಿ ಆ್ಯಪಲ್‌ನ ಬ್ರೌಸರ್ ಸಫಾರಿಯೂ ಒಪ್ಪಿಕೊಂಡ ಮೇಲೆ ಹಿಂಜರಿಯಲು ಕಾರಣ ಉಳಿದಿಲ್ಲ. ಅಗಲ 1600 ಪಿಕ್ಸೆಲ್, ಗುಣಮಟ್ಟ 80. ಎವಿಐಎಫ್ ಎಂಬ ಇನ್ನೂ ಹೊಸ ಫಾರ್ಮ್ಯಾಟಿನಲ್ಲಿ ಫೈಲು ಇನ್ನೂ ಚಿಕ್ಕದಾಗುತ್ತದೆ, ಆದರೆ ಇಳಿಸಿಕೊಂಡ ಚಿತ್ರವನ್ನು ಹಳೆಯ ಕಂಪ್ಯೂಟರಿನಲ್ಲಿ ತೆರೆಯಲು ಪರದಾಡುವವರ ಫೋನು ನನಗೇ ಬರುತ್ತದೆ.

ಹಳದಿಯ ಮೇಲೆ ಕೆಂಪು

ವಾಟ್ಸ್ಆ್ಯಪ್‌ನಲ್ಲಿ ಹಂಚುವ ಆಹ್ವಾನದ ಕಾರ್ಡು ಹಳದಿ ಹಿನ್ನೆಲೆ, ಕೆಂಪು ಅಕ್ಷರದಲ್ಲಿಯೇ ಇರಬೇಕೆಂದು ಸಮಿತಿಯ ಒಮ್ಮತ. ಕನ್ನಡದ ಬಾವುಟದ ಬಣ್ಣ, ಬೇಡ ಎನ್ನುವುದು ಹೇಗೆ. ಆದರೆ ಜೆಪೆಗ್ ಸಾಮಾನ್ಯವಾಗಿ ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಂಡು ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧ ಮಾಡುತ್ತದೆ. ನಮ್ಮ ಕಣ್ಣು ಬಣ್ಣದ ಸೂಕ್ಷ್ಮಗಳನ್ನು ಅಷ್ಟಾಗಿ ಗಮನಿಸುವುದಿಲ್ಲ ಎಂಬ ಲೆಕ್ಕ. ಛಾಯಾಚಿತ್ರದಲ್ಲಿ ಲೆಕ್ಕ ಸರಿ; ಹಳದಿಯ ಮೇಲಿನ ಕೆಂಪು ಅಕ್ಷರದಲ್ಲಿ ಅಂಚಿನ ಸುತ್ತ ಕೊಳೆಯಾದ ಕಿತ್ತಳೆ ಹರಡುತ್ತದೆ. ಗಿಂಪ್‌ನ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಮುಂದುವರಿದ ಆಯ್ಕೆಗಳನ್ನು ತೆರೆದು ಸಬ್‌ಸ್ಯಾಂಪ್ಲಿಂಗ್ 4:4:4 ಎಂದು ಆರಿಸಿದರೆ ಈ ಅರ್ಧ ಮಾಡುವುದು ನಿಲ್ಲುತ್ತದೆ. ಆದರೆ ವಾಟ್ಸ್ಆ್ಯಪ್ ತನ್ನ ಪಾಲಿನ ಸಂಕೋಚನವನ್ನು ಮಾಡಿಯೇ ಮಾಡುತ್ತದೆ. ಹಾಗಾಗಿ ಬಣ್ಣ ಸಮಿತಿಯದ್ದೇ ಇರಲಿ ಎಂದು ಬಿಟ್ಟು, ಕೆಂಪನ್ನು ಕಡುಗೆಂಪಿಗೆ ಇಳಿಸಿ ಅಕ್ಷರವನ್ನು ದಪ್ಪ ಮಾಡಿದೆ. ಬೆಳಕಿನ ವ್ಯತ್ಯಾಸ ಹೆಚ್ಚಿದಷ್ಟೂ ಅಕ್ಷರ ಉಳಿಯುತ್ತದೆ. ಯಾರಿಗೂ ಬಣ್ಣ ಬದಲಾದದ್ದು ತಿಳಿಯಲಿಲ್ಲ.

ಫ್ಲೆಕ್ಸಿನ ವಿಷಯ ಸುಲಭ. 10×6 ಅಡಿಯದನ್ನು ಯಾರೂ ಒಂದು ಅಡಿ ದೂರದಿಂದ ನೋಡುವುದಿಲ್ಲ, ಇಂಚಿಗೆ 72 ಸಾಕು: 8640×5184 ಪಿಕ್ಸೆಲ್. ಅಂಗಡಿಯವರು ಟಿಫ್ ಕೇಳಿದರು, ಎಲ್‌ಝಡ್‌ಡಬ್ಲ್ಯು ಹಾಕಿ ಕೊಟ್ಟೆ; ಒಂದೇ ಬಣ್ಣದ ವಿಶಾಲ ಹಿನ್ನೆಲೆ ಇದ್ದುದರಿಂದ ಇಲ್ಲಿ ಅದು ಚೆನ್ನಾಗಿ ಕುಗ್ಗಿತು. 300 ಡಿಪಿಐ ಇಲ್ಲವಲ್ಲ ಎಂದು ಸಮಿತಿಯ ಒಬ್ಬರು ಆಕ್ಷೇಪಿಸಿದರು. ಆ ಲೆಕ್ಕದಲ್ಲಿ 36000×21600 ಪಿಕ್ಸೆಲ್, ಎರಡು ಸಾವಿರ ಎಂಬಿ ದಾಟುವ ಫೈಲು, ಎಂದಾಗ ಅಂಗಡಿಯವರೇ ನನ್ನ ಪರ ವಾದಿಸಿದರು.

ಡಿಸ್ಕಿನಲ್ಲಿ ಮೂಲ ಟಿಫ್‌ಗಳು ಒಂದು ಕಡೆ, ತಿದ್ದಿದವು ಒಂದು ಕಡೆ, ಹಂಚಲು ಮಾಡಿದ ಜೆಪೆಗ್ ಮತ್ತು ವೆಬ್‌ಪಿಗಳು ಇನ್ನೊಂದು ಕಡೆ. ಫೈಲುಗಳಿಗೆ ಕನ್ನಡದ ಹೆಸರಿಡುವ ಆಸೆಯನ್ನು ಅದುಮಿಕೊಂಡು ಅಂಕಿಗಳನ್ನಷ್ಟೇ ಇಟ್ಟೆ, ಜಿಪ್ ಮಾಡಿ ಬಿಡಿಸುವಾಗ ಹಳೆಯ ತಂತ್ರಾಂಶಗಳು ಕನ್ನಡದ ಹೆಸರನ್ನು ಕೆಡಿಸುತ್ತವೆ. ಯಾವ ಅಂಕಿ ಯಾವ ಚಿತ್ರ, ಚಿತ್ರದಲ್ಲಿ ಯಾರು ಯಾರು ಎಂಬುದು ಯುನಿಕೋಡ್‌ನಲ್ಲಿ ಬರೆದ ಒಂದು ಸಾದಾ ಪಠ್ಯದ ಫೈಲಿನಲ್ಲಿದೆ. ಇದೇ ಡಿಸ್ಕಿನ ಇನ್ನೊಂದು ಪ್ರತಿ ಸಂಘದ ಕಾರ್ಯದರ್ಶಿಗಳ ಬಳಿ ಇದೆ. ಎಂಬತ್ತರ ದಶಕದ ಕೆಂಪೇರಿದ ಕಲರ್ ಪ್ರಿಂಟುಗಳ ಬಣ್ಣ ತಿದ್ದುವುದು ಇನ್ನೂ ಬಾಕಿ; ಸಂಚಿಕೆಗೆ ಬೇಕಾದಷ್ಟನ್ನು ಮಾತ್ರ ಮಾಡಿದ್ದೇನೆ. 16-ಬಿಟ್ ಸ್ಕ್ಯಾನುಗಳು ಭದ್ರವಾಗಿರುವುದರಿಂದ ಉಳಿದವನ್ನು ಬೇಸಿಗೆ ರಜೆಯಲ್ಲಿ ನೋಡಿದರಾಯಿತು.